ಎಡಗಣ್ಣಿಗೊಂದು ಲೆನ್ಸು

ಬಲಗಣ್ಣಿನ ಆಪರೇಷನ್ ಆದ ಮೇಲೆ ಕೆಲವು ವಾರ ನಾನು ಮುಖ ಕೆಳಗೆ ಮಾಡಿಕೊಂಡೇ ಬದುಕಿದೆ. ಕಣ್ಣಿನ ಹಿಂಭಾಗದ ಪರದೆ ಕಿತ್ತು ಬಂದಿತ್ತು. ಅದನ್ನು ಅಂಟಿಸಿ ಕಣ್ಣೊಳಗೆ ಅನಿಲದ ಒಂದು ಗುಳ್ಳೆ ಬಿಟ್ಟಿದ್ದರು. ಆ ಗುಳ್ಳೆ ಮೇಲೇರಿ ಪರದೆಯನ್ನು ಒತ್ತಿ ಹಿಡಿಯಬೇಕಾದರೆ ನಾನು ನೆಲ ನೋಡಿಕೊಂಡೇ ಇರಬೇಕಿತ್ತು. ಊಟ, ಮಾತು, ನಿದ್ದೆ ಎಲ್ಲವೂ ಹಾಗೆಯೇ. ಗೋವಾದ ವಾಸ್ಕೋದಲ್ಲಿರುವ ನಮ್ಮ ಫ್ಲ್ಯಾಟಿಗೆ ಬಂದು ಹೋಗುವವರನ್ನು ಪಾದಗಳಿಂದಲೇ ಗುರುತಿಸುವುದು ನನಗೆ ರೂಢಿಯಾಯಿತು. ಶಾಲೆಯ ಸಹೋದ್ಯೋಗಿಗಳು ಬಂದು ನನ್ನ ನೆತ್ತಿಗೆ ಮಾತನಾಡಿ ಹೋಗುತ್ತಿದ್ದರು.

ನಮಗೆ ಜೋಳದ ರೊಟ್ಟಿ ತಂದುಕೊಡುವ ಹೆಂಗಸು ಮಾತ್ರ ಹಾಗೆ ಮಾಡಲಿಲ್ಲ. ಆಕೆ ಬಾಗಲಕೋಟೆ ಕಡೆಯವಳು, ಗಂಡ ಬಂದರಿನಲ್ಲಿ ಕೂಲಿ, ಮನೆ ಸಡಾದ ಗುಡ್ಡದ ಮೇಲೆ. ರೊಟ್ಟಿಯ ಗಂಟನ್ನು ನನ್ನ ಅತ್ತೆಯ ಕೈಗಿತ್ತು ನೇರವಾಗಿ ನನ್ನ ಕೋಣೆಗೆ ಬಂದು, ನೆಲದ ಮೇಲೆ ಕೂತು, ಕುತ್ತಿಗೆ ಹೊರಳಿಸಿ ಕೆಳಗಿನಿಂದ ನನ್ನ ಮುಖ ನೋಡುತ್ತಿದ್ದಳು.

"ಹೆಂಗದೀರಿ ಅಕ್ಕಾರ? ಇವತ್ತ ಮುಖ ಚಲೋ ಕಾಣಾಕತ್ತೈತಿ," ಎನ್ನುತ್ತಿದ್ದಳು. ಆ ದಿನಗಳಲ್ಲಿ ನಾನು ಪೂರ್ತಿಯಾಗಿ, ಕಣ್ಣು ಮೂಗು ಬಾಯಿ ಸಮೇತ ನೋಡಿದ ಮುಖವೆಂದರೆ ಆಕೆಯದೇ.

ಗುಳ್ಳೆ ಕರಗಿತು. ದೃಷ್ಟಿ ಮರಳಿತು, ಆದರೆ ಮೊದಲಿನಂತಲ್ಲ. ಬಲಗಣ್ಣಿನಿಂದ ನೋಡಿದರೆ ಬಾಗಿಲ ಚೌಕಟ್ಟು ನಡುವಿನಲ್ಲಿ ಸೊಂಟ ಬಾಗಿಸಿದಂತೆ ಕಾಣುತ್ತಿತ್ತು. ನಾನು ಗಣಿತದ ಟೀಚರು. ಬೋರ್ಡಿನ ಮೇಲೆ ನಾನೇ ಎಳೆದ ಸರಳರೇಖೆ ನನ್ನೆದುರಿಗೇ ಡೊಂಕಾಗುವುದನ್ನು ನೋಡಿ ಮೊದಲ ದಿನ ಸುಣ್ಣದಕಡ್ಡಿ ಕೆಳಗಿಟ್ಟು ಕೂತುಬಿಟ್ಟಿದ್ದೆ. ಇನ್ನು ಮೇಲೆ ನಿಜವಾದ ಕೆಲಸವೆಲ್ಲ ಎಡಗಣ್ಣಿನದು. ಡಾಕ್ಟರು ಆ ಕಣ್ಣನ್ನೂ ಕಾಯಬೇಕು ಎಂದಿದ್ದರು. ಮಿಂಚು ಕಂಡರೆ, ನಡುವೆ ಮಸುಕಾದರೆ, ತಡಮಾಡದೆ ಬರಬೇಕು. ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಬೆಳಿಗ್ಗೆ ಎದ್ದ ಕೂಡಲೇ ಬಲಗಣ್ಣು ಮುಚ್ಚಿ ಕಿಟಕಿಯ ಸರಳುಗಳನ್ನು ನೋಡುವುದು, ನೆಟ್ಟಗಿವೆ ಎಂದು ಖಾತ್ರಿ ಮಾಡಿಕೊಳ್ಳುವುದು ನನ್ನ ದೇವರಪೂಜೆಯಾಯಿತು.

ಒಂದು ಸಂಜೆ ನನ್ನ ಗಂಡ, "ನಿನಗ ಏನರೆ ಬೇಕೇನು? ಇಷ್ಟ ದಿನಾ ಕಷ್ಟಪಟ್ಟೀದಿ," ಎಂದರು. ಸೀರೆ ಎನ್ನುತ್ತೇನೆಂದು ಅವರು ತಿಳಿದಿರಬೇಕು. ನನ್ನ ಬಾಯಿಂದ "ಕ್ಯಾಮೆರಾ" ಎಂದು ಬಂತು. ನನಗೇ ಆಶ್ಚರ್ಯ. ಅಲ್ಲಿಯತನಕ ಫೋನಿನಲ್ಲೂ ನಾನು ಹೆಚ್ಚು ಫೋಟೋ ತೆಗೆದವಳಲ್ಲ. ಆದರೆ ಹೇಳಿದ ಮೇಲೆ ಗೊತ್ತಾಯಿತು, ನನಗೆ ಮುಖಗಳನ್ನು ನೋಡಬೇಕಿತ್ತು. ನಿಧಾನವಾಗಿ, ಯಾರೂ ಯಾಕೆ ದಿಟ್ಟಿಸುತ್ತೀ ಎಂದು ಕೇಳದ ಹಾಗೆ.

ಮಡಗಾಂವದಲ್ಲಿ ಒಂದು ಹಳೆಯ ಕ್ಯಾಮೆರಾ ಅಂಗಡಿ. ಮಾಲೀಕರು ವಯಸ್ಸಾದವರು, ಕೊಂಕಣಿಗೆ ಹಿಂದಿ ಬೆರೆಸಿ ಸಮಾಧಾನದಿಂದ ಮಾತಾಡುವವರು. ನನ್ನ ಕಣ್ಣಿನ ಕತೆ ಕೇಳಿ, ಕಪಾಟಿನಿಂದ ಎರಡು ಕ್ಯಾಮೆರಾ ತೆಗೆದಿಟ್ಟರು. ಹಳೆಯ ಥರದ್ದರಲ್ಲಿ ಒಳಗೊಂದು ಕನ್ನಡಿ ಇರುತ್ತದೆ, ಲೆನ್ಸಿನಿಂದ ಬಂದ ಬೆಳಕನ್ನು ಅದು ನಮ್ಮ ಕಣ್ಣಿಗೆ ತಿರುಗಿಸುತ್ತದೆ. ಮಿರರ್‌ಲೆಸ್ ಎನ್ನುವುದರಲ್ಲಿ ಆ ಕನ್ನಡಿಯೇ ಇಲ್ಲ. ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ಒಂದು ಪುಟ್ಟ ಪರದೆಯಿದೆ, ಚಿತ್ರ ಹೇಗೆ ಬರುತ್ತದೋ ಮೊದಲೇ ಅದರಲ್ಲಿ ಕಾಣುತ್ತದೆ. ಕತ್ತಲಾದರೆ ಕತ್ತಲು, ಬೆಳಕು ಹೆಚ್ಚಾದರೆ ಹೆಚ್ಚು. ಕನ್ನಡಿ ಇಲ್ಲದ್ದರಿಂದ ತೂಕವೂ ಕಡಿಮೆ. ಇಷ್ಟನ್ನು ಹೇಳಿ, ಕನ್ನಡಕ ತೆಗೆದು ನೋಡಿ ಎಂದು ಕಿಂಡಿಯ ಪಕ್ಕದ ಚಿಕ್ಕ ಚಕ್ರವನ್ನು ನನ್ನ ನಂಬರಿಗೆ ಸರಿಯಾಗಿ ತಿರುಗಿಸಿಕೊಟ್ಟರು. ಎಡಗಣ್ಣನ್ನು ಕಿಂಡಿಗಿಟ್ಟೆ. ಕನ್ನಡಕವಿಲ್ಲದೆ, ಎದುರಿನ ಔಷಧಿ ಅಂಗಡಿಯ ಬೋರ್ಡಿನ ಅಕ್ಷರಗಳು ಸೂಜಿಯಲ್ಲಿ ಬರೆದಂತೆ ಕಂಡವು. ಅಲ್ಲಿಯೇ ನಿರ್ಧಾರವಾಯಿತು.

ಮನೆಗೆ ತಂದಾಗ ಅತ್ತೆ ತಿರುಗಿಸಿ ಮುರುಗಿಸಿ ನೋಡಿ, "ಇದರ ಹೆಸರೇನು?" ಎಂದು ಕೇಳಿದರು. ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ ಎಂದೆ.

"ಹಂಗಾದ್ರ ಏನೋ ಒಂದು ಕಡಿಮಿ ಹಾಕಿ ಕೊಟ್ಟಾನ ನಿಮಗ. ಅಲ್ಲೇ ಕೇಳಿ ಬರಬೇಕಿಲ್ಲೋ?" ಎಂದರು.

ಅದರ ಜೊತೆ ಬಂದ ಜೂಮ್ ಲೆನ್ಸಿನಿಂದಲೇ ನಾನು ಕಲಿತೆ. ನನ್ನ ಗಂಡನಿಗೆ ಮೊದಲಿನಿಂದಲೂ ಉದ್ದ ಲೆನ್ಸಿನ ಮೇಲೆ ಕಣ್ಣು. ಅವರು ಬಂದರಿನ ಆಫೀಸಿನಲ್ಲಿದ್ದಾರೆ, ಸಮುದ್ರದಲ್ಲಿ ಲಂಗರು ಹಾಕಿದ ಹಡಗುಗಳ ಹೆಸರು ಓದುವುದು ಅವರ ಹವ್ಯಾಸ. "ಕ್ಯಾಮೆರಾ ಅಂದ ಮ್ಯಾಲೆ ದೂರದ್ದು ಹತ್ರ ಕಾಣಬೇಕು. ಇಲ್ಲಾಂದ್ರ ಫೋನ್ ಸಾಕಿತ್ತಲ್ಲ?" ಎಂದು ನನ್ನನ್ನು ಮತ್ತೆ ಮಡಗಾಂವಕ್ಕೆ ಕರೆದುಕೊಂಡು ಹೋದರು. ಅಂಗಡಿಯ ಬಾಗಿಲಲ್ಲಿ ನಿಂತು ಆ ಉದ್ದನೆಯ ಲೆನ್ಸಿನಿಂದ ರಸ್ತೆಯಾಚೆ ನೋಡಿದೆ. ಯಾವುದೋ ಮಹಡಿಯ ಮೇಲೆ ಒಣಹಾಕಿದ ಸೀರೆಯ ಅಂಚು ಮಾತ್ರ ಕಂಡಿತು. ಉಳಿದದ್ದೆಲ್ಲ ಎಲ್ಲಿಗೋ ಹೋಗಿಬಿಟ್ಟಿತ್ತು. ಪರದೆ ಕಿತ್ತುಬಂದ ದಿನ ಬಲಗಣ್ಣಿನಲ್ಲಿ ಒಂದು ಬದಿಯಿಂದ ಕಪ್ಪು ಸರಿಯುತ್ತ ಸರಿಯುತ್ತ ಲೋಕ ಹೀಗೆಯೇ ಸಣ್ಣದಾಗಿತ್ತು. ಲೆನ್ಸನ್ನು ಮಾಲೀಕರಿಗೆ ಮರಳಿಸಿ, "ಇದು ಬ್ಯಾಡ್ರಿ," ಎಂದು ಗಂಡನಿಗೆ ಹೇಳಿದೆ. ಅವರು ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ.

ಮಾಲೀಕರಿಗೆ ಏನನ್ನಿಸಿತೋ. ಈಗ ಯಾವ ಲೆನ್ಸನ್ನೂ ಕೊಳ್ಳಬೇಡಿ ಎಂದರು. ಇರುವ ಜೂಮಿನಲ್ಲೇ ಇನ್ನಷ್ಟು ದಿನ ಫೋಟೋ ತೆಗೆದು, ಆಮೇಲೆ ಕೂತು ನೋಡಿ, ಯಾವ ಚಿತ್ರ ನಿಮಗೆ ಇಷ್ಟವೋ ಅದನ್ನು ಎಷ್ಟಕ್ಕೆ ತಿರುಗಿಸಿ ತೆಗೆದಿರಿ ಎಂದು ಕ್ಯಾಮೆರಾವೇ ಹೇಳುತ್ತದೆ, ನಿಮಗೆ ಬೇಕಾದ ಲೆನ್ಸು ಅದೇ ಎಂದರು. ಮಾರಲು ಕೂತವರು ಹೀಗೆ ಹೇಳಿದ್ದು ನನಗೆ ಹಿಡಿಸಿತು.

ಮನೆಗೆ ಬಂದು ಹಾಗೆಯೇ ಮಾಡಿದೆ. ಮಸಾಲೆ ಅರೆಯುವ ಅತ್ತೆ, ಪೇಪರು ಓದುವ ಗಂಡ, ಮೆಟ್ಟಿಲ ಮೇಲೆ ಮೀನು ಆರಿಸುವ ಪಕ್ಕದ ಮನೆಯವರು. ನನಗೆ ಇಷ್ಟವಾದ ಚಿತ್ರಗಳೆಲ್ಲ ಇಪ್ಪತ್ತಮೂರು ಮಿಲಿಮೀಟರಿನ ಆಸುಪಾಸಿನಲ್ಲಿದ್ದವು, ಜೂಮಿನ ಅಗಲ ನೋಟದ ಕಡೆ. ಅಂದರೆ ನಾನು ಜೂಮ್ ಮಾಡಿ ಯಾರನ್ನೂ ಹತ್ತಿರ ಎಳೆದುಕೊಂಡಿರಲಿಲ್ಲ, ನಾನೇ ಹತ್ತಿರ ಹೋಗಿದ್ದೆ. ವ್ಯಕ್ತಿಯ ಜೊತೆ ಅವರ ಒಲೆ, ಗೋಡೆ, ಕಿಟಕಿ ಎಲ್ಲ ಬಂದಿದ್ದವು.

ಅದೇ ಹೊತ್ತಿಗೆ ರೊಟ್ಟಿಯವಳ ಮಗಳಿಗೆ ಗಂಡು ಗೊತ್ತಾಯಿತು. ಹುಡುಗಿ ನರ್ಸಿಂಗ್ ಮುಗಿಸಿದ್ದಳು. ಹುಡುಗ ಡಿಚೋಲಿಯಲ್ಲಿ ಲಾರಿ ರಿಪೇರಿ ಮಾಡುವವನು, ಮೂಲ ಗದಗ ಕಡೆಯವನು.

"ಅಕ್ಕಾರ, ನಿಶ್ಚಯ ಮನ್ಯಾಗ ಮಾಡಾಕತ್ತೇವಿ. ದೊಡ್ಡದೇನ್ ಅಲ್ರಿ. ನೀವು ಕ್ಯಾಮೆರಾ ತಗೊಂಡು ಬರ್ರಿ," ಎಂದಳು.

"ನಾ ಇನ್ನೂ ಕಲ್ಯಾಕತ್ತೇನಿ. ಚಲೋ ಬರದಿದ್ರ?"

"ನಿಮ್ಮ ಅತ್ತಿ ಫೋಟೋ ನೋಡೇನ್ರಿ. ಅಷ್ಟ ಬಂದ್ರ ಸಾಕು."

ಸಡಾದ ಅವರ ಮನೆ ನನಗೆ ಗೊತ್ತು. ಒಂದು ಕೋಣೆ, ಹಿಂದೆ ಅಡುಗೆಮನೆ, ಒಂದೇ ಕಿಟಕಿ. ನನ್ನ ಜೂಮಿಗೆ ಅಲ್ಲಿನ ಬೆಳಕು ಸಾಲುವುದಿಲ್ಲ. ಮತ್ತೆ ಮಡಗಾಂವಕ್ಕೆ ಹೋಗಿ, ಜೂಮ್ ಆಗದ, ಒಂದೇ ಅಳತೆಯ ಇಪ್ಪತ್ತಮೂರರ ಲೆನ್ಸು ಕೊಂಡೆ. ಅದರ ಬಾಯಿ ಬಹಳ ಅಗಲ ತೆರೆಯುತ್ತದೆ, ಕಡಿಮೆ ಬೆಳಕಿನಲ್ಲೂ ಚಿತ್ರ ಬರುತ್ತದೆ. ಆದರೆ ಅಷ್ಟು ಅಗಲ ತೆರೆದಾಗ ತೆಳುವಾದ ಒಂದು ಪದರ ಮಾತ್ರ ಸ್ಪಷ್ಟವಾಗುತ್ತದೆ, ಅದರ ಹಿಂದೆ ಮುಂದೆ ಎಲ್ಲ ಮಸುಕು, ಹಾಗಾಗಿ ಫೋಕಸ್ ಎಲ್ಲಿದೆ ಎಂದು ನೋಡಿಕೊಳ್ಳಿ ಎಂದು ಮಾಲೀಕರು ಎಚ್ಚರಿಸಿದರು. ಮುಖವನ್ನು ತಾನಾಗಿಯೇ ಹುಡುಕುವ ಸೌಕರ್ಯವೂ ಕ್ಯಾಮೆರಾದಲ್ಲಿತ್ತು. ಅದನ್ನು ನಾನು ಬಂದ್ ಮಾಡಿಟ್ಟಿದ್ದೆ. ನನ್ನ ಕಣ್ಣು ಮಾಡಬೇಕಾದ ಕೆಲಸವನ್ನು ಯಂತ್ರಕ್ಕೆ ಬಿಡಬಾರದು ಎಂಬ ಹಟ.

ನಿಶ್ಚಯದ ದಿನ ಆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಡುಗಿಗೆ ಉಡಿ ತುಂಬಿದರು, ಉಂಗುರ ಹಾಕಿದರು, ಸಕ್ಕರೆ ಹಂಚಿದರು. ನಾನು ಮೂಲೆಯಲ್ಲಿ ಒತ್ತಿಕೊಂಡು ನಿಂತು, ಎಡಗಣ್ಣನ್ನು ಕಿಂಡಿಗೆ ಬಿಗಿಯಾಗಿ ಹಿಡಿದು, ಒಂದರ ಮೇಲೊಂದು ತೆಗೆದೆ. ಕ್ಯಾಮೆರಾದ ಹಿಂದಿನ ಸಣ್ಣ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿತು. ಶೇಂಗಾ ಹೋಳಿಗೆ ಊಟ ಮಾಡಿ ಹಿಗ್ಗಿನಿಂದ ಮನೆಗೆ ಬಂದೆ.

ಮರುದಿನ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಹುಡುಗಿಯ ಮುಖ ಮಸುಕು. ಉಂಗುರ ಹಾಕುವ ಕೈಗಳು ಮಸುಕು. ಅಂಚಿನಲ್ಲಿದ್ದ ಗೋಡೆಯ ಕ್ಯಾಲೆಂಡರು, ಸ್ಟೀಲಿನ ಡಬ್ಬಿಗಳು, ಬಾಗಿಲ ಹಿಂದೆ ತೂಗುಹಾಕಿದ ಅಂಗಿಯ ಗುಂಡಿ, ಎಲ್ಲ ಸ್ಪಷ್ಟ. ಮುಂದಿನದು ಹಾಗೆಯೇ, ಅದರ ಮುಂದಿನದೂ ಹಾಗೆಯೇ. ಕೆಲವು ಸರಿಯಿದ್ದವು, ಆದರೆ ಮುಖ್ಯವಾದವು ಯಾವುವೂ ಅಲ್ಲ. ನಡುವೆ ಮಸುಕು, ಅಂಚಿನಲ್ಲಿ ಸ್ಪಷ್ಟ. ನಡುವೆ ಮಸುಕಾದರೆ ತಡಮಾಡದೆ ಬನ್ನಿ ಎಂದಿದ್ದರು ಡಾಕ್ಟರು.

ಕಂಪ್ಯೂಟರು ಮುಚ್ಚಿದೆ. ತೆಗೆಯುವಾಗ ನನಗೆ ಎಲ್ಲ ಸರಿಯಾಗಿ ಕಂಡಿತ್ತಲ್ಲ? ಮಸುಕಾದದ್ದನ್ನು ಸ್ಪಷ್ಟವೆಂದು ನೋಡಿದ್ದು ಈ ಕಣ್ಣೇ ಅಲ್ಲವೇ? ಬಲಗಣ್ಣು ಮುಚ್ಚಿ ಕಿಟಕಿಯ ಸರಳು ನೋಡಿದೆ. ನೆಟ್ಟಗಿದ್ದವು. ಇನ್ನೊಮ್ಮೆ ನೋಡಿದೆ, ಒಂದು ಸರಳು ಸ್ವಲ್ಪ ಬಾಗಿದೆಯೇನೋ ಅನ್ನಿಸಿತು. ಹೆದರಿಕೆಯಿಂದ ನೋಡಿದರೆ ಯಾವ ಸರಳೂ ನೆಟ್ಟಗೆ ನಿಲ್ಲುವುದಿಲ್ಲ. ಅಂದು ಊಟಕ್ಕೆ ಕೂತಾಗ ತಟ್ಟೆಯಲ್ಲಿದ್ದ ಅನ್ನದ ಅಗುಳುಗಳನ್ನೂ ಪರೀಕ್ಷಿಸುತ್ತಿದ್ದೆ. ನನ್ನ ಗಂಡ ಗಮನಿಸಿದರು.

"ಯಾಕ? ಏನಾತು?"

ಹೇಳಿದೆ. ಅವರು ಕೈ ತೊಳೆದು ಬಂದು ಫೋಟೋಗಳನ್ನು ನೋಡಿದರು. "ಮುಂಜಾನೆ ಹೋಗೋಣು. ಸಾಲಿಗೆ ರಜಾ ಹಾಕು," ಎಂದಷ್ಟೇ ಹೇಳಿದರು. ಅವರ ದನಿ ಸಹಜವಾಗಿರಲು ಪ್ರಯತ್ನಿಸುತ್ತಿತ್ತು.

ಮಡಗಾಂವದ ಕಣ್ಣಿನ ಆಸ್ಪತ್ರೆಯಲ್ಲಿ ಹನಿ ಹಾಕಿ ಕೂರಿಸಿದರು. ಕಣ್ಣಿನ ಪಾಪೆ ಹಿಗ್ಗಿ, ಗೋಡೆ, ಕುರ್ಚಿ, ಮನುಷ್ಯರು ಎಲ್ಲ ಬೆಳಕಿನಲ್ಲಿ ಕಲಸಿಹೋದರು. ನನ್ನ ಗಂಡ ನನ್ನ ಪಕ್ಕದಲ್ಲಿ ಕೂತು, ಗೋಡೆಯ ಮೇಲಿನ ಪ್ರಕಟಣೆಗಳನ್ನು ಕಾರಣವಿಲ್ಲದೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಚಪ್ಪಲಿ ಹೊರಗೆ ಬಿಡಬೇಕು, ಫೋನ್ ಬಂದ್ ಇಡಬೇಕು. ನಾನು ಹೂಂಗುಟ್ಟುತ್ತಿದ್ದೆ.

ಡಾಕ್ಟರು ಗದ್ದವನ್ನು ಯಂತ್ರದ ಮೇಲಿಡಿಸಿ ಎಡಗಣ್ಣಿನೊಳಗೆ ಬೆಳಕು ಬಿಟ್ಟರು. ಮೇಲೆ ನೋಡಿ, ಕೆಳಗೆ ನೋಡಿ, ಬದಿಗೆ ನೋಡಿ. ಅವರ ಉಸಿರಾಟ ನನಗೆ ಕೇಳಿಸುತ್ತಿತ್ತು. ಬಹಳ ಹೊತ್ತು ಮಾತಿಲ್ಲ. ಆ ಮೌನದಲ್ಲಿ ನಾನು ಶಾಲೆ ಬಿಟ್ಟೆ, ಅಡುಗೆಮನೆಯಲ್ಲಿ ಡಬ್ಬಿಗಳನ್ನು ಮುಟ್ಟಿ ಗುರುತಿಸಲು ಕಲಿತೆ, ಯಾರದೋ ಕೈ ಹಿಡಿದು ರಸ್ತೆ ದಾಟಿದೆ. ಕೊನೆಗೆ ಅವರು ಹಿಂದಕ್ಕೆ ಸರಿದು, ದೀಪ ಹಾಕಿ, "ಸಗ್ಳೆಂ ಬರೆಂ ಆಸಾ," ಎಂದರು. ಎಲ್ಲ ಚೆನ್ನಾಗಿದೆ.

ಇನ್ನೊಮ್ಮೆ ಹೇಳಿಸಿದೆ. ಅವರು ನಕ್ಕು ಇನ್ನೊಮ್ಮೆ ಹೇಳಿದರು.

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಕಪ್ಪು ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು, ಎಷ್ಟು ಹನಿಯದ್ದು ಎಷ್ಟು ನನ್ನದು ಗೊತ್ತಿಲ್ಲ. ಗಂಡ ನನ್ನನ್ನು ಹೋಟೆಲೊಂದರ ನೆರಳಿನಲ್ಲಿ ಕೂರಿಸಿ ಚಹಾ, ಭಾಜಿ-ಪಾವ್ ತರಿಸಿದರು. ಪಾವ್ ಮುರಿಯುತ್ತ ಹೇಳಿದರು.

"ಹಂಗಾದ್ರ ಲೆನ್ಸ ಕೆಟ್ಟದ."

ದುಡ್ಡು ಕೊಟ್ಟು ತಂದ ಹೊಸ ಸಾಮಾನು ಕೆಟ್ಟಿದೆ ಎಂದು ಒಬ್ಬ ಮನುಷ್ಯ ಅಷ್ಟು ಸಂತೋಷದಿಂದ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಇಬ್ಬರೂ ನಕ್ಕೆವು. ಇನ್ನೊಂದು ತಟ್ಟೆ ತರಿಸಿದೆವು.

ಲೆನ್ಸನ್ನು ಮರಳಿಸುವ ಮೊದಲು ಒಮ್ಮೆ ಪರೀಕ್ಷೆ ಮಾಡೋಣವೆಂದು ಮರುದಿನ ಬೆಳಿಗ್ಗೆ ಅತ್ತೆಯನ್ನು ಬಾಲ್ಕನಿಯಲ್ಲಿ ಕೂರಿಸಿ ತೆಗೆದೆ. ಅವರು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಎರಡು ತೆಗೆಯುವಷ್ಟರಲ್ಲಿ ಅವರಿಗೆ ಬೇಸರವಾಯಿತು.

"ತಾ ಇಲ್ಲೆ ಅದನ್ನ. ಎಷ್ಟು ಹೊಲಸ ಮಾಡೀದಿ ನೋಡು. ಹಿಂದಿನ ಗಾಜಿಗೆಲ್ಲಾ ನಿನ್ನ ಮೂಗಿನ ಜಿಡ್ಡು ಹತ್ತೇದ," ಎಂದು ಕ್ಯಾಮೆರಾ ಇಸಿದುಕೊಂಡು ಸೆರಗಿನಿಂದ ಹಿಂದಿನ ಪರದೆಯನ್ನು ಒರೆಸತೊಡಗಿದರು. ಸೆರಗಿನೊಳಗಿಂದ ಅವರ ಬೆರಳು ತಪ್ಪಿ ಗಾಜಿಗೆ ತಾಗಿತು. ನಾನು ನೋಡುತ್ತಿದ್ದಂತೆ, ಫೋಕಸ್ ಎಲ್ಲಿದೆ ಎಂದು ತೋರಿಸುವ, ನಡುವಿನಲ್ಲಿದ್ದ ಪುಟ್ಟ ಚೌಕ ಬೆರಳಿನ ಹಿಂದೆಯೇ ಓಡಿ ಮೂಲೆಗೆ ಹೋಗಿ ನಿಂತಿತು.

"ಅತ್ತಿ, ಇನ್ನೊಮ್ಮೆ ಮುಟ್ಟರಿ," ಎಂದೆ.

"ಯಾಕ? ಏನರೆ ಮುರದ್ನೇನು?"

"ಇಲ್ರಿ. ಮುಟ್ಟರಿ."

ಮುಟ್ಟಿದರು. ಚೌಕ ಇನ್ನೊಂದು ಮೂಲೆಗೆ ಓಡಿತು. ನಾನು ಕ್ಯಾಮೆರಾ ತೆಗೆದುಕೊಂಡು ಎಡಗಣ್ಣಿಗೆ ಹಿಡಿದೆ. ಬಲಗಣ್ಣಿನಿಂದ ನೋಡುವವರ ಮೂಗು ಕ್ಯಾಮೆರಾದ ಹೊರಗೆ ಉಳಿಯುತ್ತದೆ. ಎಡಗಣ್ಣಿನವಳ ಮೂಗು ನೇರವಾಗಿ ಆ ಗಾಜಿನ ಮೇಲೆ. ನಾನು ಹಿಡಿತ ಬಿಗಿ ಮಾಡಿದಷ್ಟೂ ಮೂಗು ಒತ್ತುತ್ತಿತ್ತು, ಚೌಕ ಸರಿಯುತ್ತಿತ್ತು, ಹುಡುಗಿಯ ಮುಖದ ಬದಲು ಕ್ಯಾಲೆಂಡರಿನ ಮೇಲೆ ಹೋಗಿ ಕೂರುತ್ತಿತ್ತು. ಮುಖಗಳನ್ನು ನೋಡುವ ಗಡಿಬಿಡಿಯಲ್ಲಿ ಆ ಚೌಕವನ್ನು ನಾನು ಗಮನಿಸಿಯೇ ಇರಲಿಲ್ಲ. ಹಳೆಯ ಜೂಮ್ ಅಷ್ಟು ಅಗಲ ತೆರೆಯುವುದಿಲ್ಲವಾದ್ದರಿಂದ ಫೋಕಸ್ ಎಲ್ಲಿದ್ದರೂ ನಡೆದುಹೋಗಿತ್ತು. ಹೊಸ ಲೆನ್ಸು ಯಾವುದನ್ನೂ ಮುಚ್ಚಿಡಲಿಲ್ಲ.

ನಾನು ಅಲ್ಲೇ ನೆಲದ ಮೇಲೆ ಕೂತು ನಗತೊಡಗಿದೆ. ಅತ್ತೆಗೆ ಗಾಬರಿ. ಗಂಡ ಹೊರಗೆ ಬಂದರು. "ಕಣ್ಣೂ ಕೆಟ್ಟಿಲ್ಲ, ಲೆನ್ಸೂ ಕೆಟ್ಟಿಲ್ರಿ. ಎಲ್ಲಾ ಈ ಮೂಗಿಂದು," ಎಂದೆ. ಸೆಟ್ಟಿಂಗಿನಲ್ಲಿ ಹುಡುಕಿ, ಪರದೆ ಮುಟ್ಟಿದರೆ ಚೌಕ ಸರಿಯುವ ಸೌಕರ್ಯವನ್ನು ಬಂದ್ ಮಾಡಿದೆ. ಮುಖ ಹುಡುಕುವ ಸೌಕರ್ಯವನ್ನೂ ಚಾಲೂ ಮಾಡಿದೆ. ಸಹಾಯ ಬೇಡವೆನ್ನುವ ಹಟ ಎರಡು ದಿನಗಳಲ್ಲಿ ತಾನಾಗಿಯೇ ಇಳಿದಿತ್ತು. ಅತ್ತೆಯ ಮುಂದಿನ ಫೋಟೋದಲ್ಲಿ ರೆಪ್ಪೆಯ ಒಂದೊಂದು ಕೂದಲೂ ಎಣಿಸುವ ಹಾಗಿತ್ತು.

ಇನ್ನು ರೊಟ್ಟಿಯವಳಿಗೆ ಹೇಳಬೇಕಿತ್ತು. ಆಕೆ ಬಂದಾಗ ಅಡುಗೆಮನೆಯಲ್ಲಿ ಕೂರಿಸಿ, ನಿಶ್ಚಯದ ಫೋಟೋಗಳು ಕೆಟ್ಟಿವೆ, ತಪ್ಪು ನನ್ನದು ಎಂದು ಹೇಳಿದೆ. ನಾನು ಬೈಗುಳಕ್ಕೆ ತಯಾರಾಗಿದ್ದೆ.

"ಒಂದು ಕೇಳ್ಲೇನ್ರಿ?" ಎಂದಳು. "ನಾ ಅದರಾಗ ಎಲ್ಲೆರ ಅದೇನೇನು?"

ನೆನಪಿಸಿಕೊಂಡೆ. ಇರಲಿಲ್ಲ. ಒಂದರಲ್ಲೂ ಇರಲಿಲ್ಲ. ಬೀಗರು ಬಂದಾಗಿನಿಂದ ಹೋಗುವತನಕ ಆಕೆ ಹಿಂದೆ ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದಳು. ಇಲ್ಲ ಎಂದೆ.

"ಆವತ್ತ ರಾತ್ರಿಯೆಲ್ಲಾ ಅದನ್ನ ಮನಸಿಗೆ ಹಚ್ಚಿಕೊಂಡಿದ್ದೆರಿ. ಮಗಳ ನಿಶ್ಚಯದ ಫೋಟೋದಾಗ ಅವ್ವನ ಇಲ್ಲ ಅಂತ. ಹೇಳಾಕ ನಾಚಿಕಿ. ಇನ್ನೊಮ್ಮೆ ತಗೀತೀರಿ ಅಂದ್ರ ಚಲೋನ ಆತು ಬಿಡ್ರಿ."

ನನಗೆ ಉಸಿರು ಬಂತು. ಆಕೆಗೂ ಬಂದಿರಬೇಕು. ಇಬ್ಬರೂ ಸೇರಿ ರವಿವಾರದ ಮಧ್ಯಾಹ್ನವನ್ನು ಗೊತ್ತುಮಾಡಿದೆವು.

ಡಿಚೋಲಿಯಿಂದ ಹುಡುಗ ಬೈಕಿನಲ್ಲಿ ಹೇಳಿದ ಹೊತ್ತಿಗಿಂತ ಬಹಳ ಮೊದಲೇ ಬಂದಿದ್ದ. ಹುಡುಗಿಯನ್ನು ಮತ್ತೆ ನೋಡಲು ಸಿಕ್ಕ ನೆಪ ಆತನಿಗೆ ಇಷ್ಟವಾಗಿತ್ತು. ಈ ಸಲ ಗದ್ದಲವಿಲ್ಲ, ಅವಸರವಿಲ್ಲ. ಕಿಟಕಿಯ ಹತ್ತಿರ ಚಾಪೆ ಹಾಸಿ ಇಬ್ಬರನ್ನೂ ಕೂರಿಸಿದೆ. ಉಂಗುರ ತೆಗೆದು ಮತ್ತೆ ಹಾಕುವಾಗ ಅದು ಗೆಣ್ಣಿಗೆ ಸಿಕ್ಕಿಕೊಂಡಿತು, ಅವರಿಬ್ಬರ ನಗು ಹಾಗೆಯೇ ಚಿತ್ರದಲ್ಲಿ ಬಂತು. ಆ ಸಣ್ಣ ಕೋಣೆಯಲ್ಲಿ ಆ ಲೆನ್ಸಿಗೆ ಬೇಕಾದಷ್ಟೇ ಜಾಗವಿತ್ತು. ಗೋಡೆಗೆ ಬೆನ್ನು ಹಚ್ಚಿದರೆ ಇಬ್ಬರೂ, ಕಿಟಕಿಯೂ, ಕಿಟಕಿಯಾಚೆಯ ಸಮುದ್ರದ ಒಂದು ತುಂಡೂ ಸಿಗುತ್ತಿದ್ದವು.

ತಾಯಿಯನ್ನು ಕರೆದೆ. ಆಕೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಹಸಿರು ಇಳಕಲ್ ಸೀರೆ, ಮೂಗಿನಲ್ಲಿ ನತ್ತು. ಮಗಳು ತಲೆ ಬಾಚಿ ಹೂವು ಮುಡಿಸಿದ್ದಳು. ಮಗಳ ಪಕ್ಕ ಕೂತ ಮೇಲೆ ಕೈ ಎಲ್ಲಿಡಬೇಕು ಎಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡು, ತೆಗೆದು, ಮತ್ತೆ ಇಟ್ಟಳು.

"ಎಲ್ಲಿ ನೋಡ್ಲೆರಿ?"

"ಎಲ್ಲೆರ ನೋಡ್ರಿ. ನನ್ನ ಜೋಡಿ ಮಾತಾಡ್ರಿ."

ಆಕೆ ನನ್ನನ್ನೇ ನೋಡಿ, "ಕಣ್ಣ ಈಗ ಹೆಂಗೈತ್ರಿ ಅಕ್ಕಾರ?" ಎಂದು ಕೇಳಿದಳು. ಉತ್ತರ ಹೇಳುವ ಮೊದಲು ಗುಂಡಿ ಒತ್ತಿದೆ.

ಅಲ್ಲಿಯೇ ಆ ಚಿತ್ರವನ್ನು ಫೋನಿಗೆ ಕಳಿಸಿಕೊಟ್ಟೆ. ಆಕೆ ಅದನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಗಂಡನಿಗೆ ತೋರಿಸಿ, ಕೊನೆಗೆ ಊರಿನಲ್ಲಿರುವ ತನ್ನ ಅಕ್ಕನಿಗೆ ಕಳಿಸಿದಳು. ನಾವು ಅವಲಕ್ಕಿ ತಿನ್ನುತ್ತಿದ್ದಾಗ ಅಕ್ಕನ ಧ್ವನಿ ಸಂದೇಶ ಬಂತು. ಎಲ್ಲರಿಗೂ ಕೇಳಲೆಂದು ಮಗಳು ಜೋರಾಗಿ ಹಚ್ಚಿದಳು.

"ಫೋಟೋ ಮುಟ್ತು. ಚಂದ ಅದಾರ. ಯಾರವಾ ಇವರು, ಬೀಗತಿ ಏನು?"

ಕೋಣೆಯ ತುಂಬ ನಗು. ಹುಡುಗಿ ನಗುತ್ತ ತಾಯಿಯ ಹೆಗಲಿಗೆ ಒರಗಿದಳು. ಆಕೆ ಮಾತ್ರ ಫೋನು ಬಾಯಿಯ ಹತ್ತಿರ ಹಿಡಿದು, ಸೆರಗು ಸರಿ ಮಾಡಿಕೊಂಡು, ಗಂಭೀರವಾಗಿ ಹೇಳಿದಳು: "ನಾನ ಬೇ ಅಕ್ಕಾ. ನಾನ ಅದೇನಿ."